ಕಲ್ಲಿನ ಮುರು

ಜನಾಜಾವನ್ನು ಹೆಗಲಿಗೆತ್ತಲು ನಾಲ್ವರು ಬಗ್ಗಿದ್ದರು, ಅಷ್ಟರಲ್ಲಿ ಬೀದಿಯ ತುದಿಯಿಂದ "ನಿಲ್ಲಿ, ನಿಲ್ಲಿ, ಅಲ್ಲಾನಾಣೆ ನಿಲ್ಲಿ" ಎಂದು ಕೂಗುತ್ತ ಒಬ್ಬ ಓಡಿಬಂದ. ತಲೆಯ ಮೇಲೆ ಬಿದಿರಬುಟ್ಟಿ, ಬುಟ್ಟಿಯ ಮೇಲೆ ಒದ್ದೆ ಗೋಣಿತಾಟು. ಅದರಿಂದ ಸೋರಿದ ನೀರಿಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹುಣಸೂರಿನಲ್ಲಿ ಗಾಡಿಚಕ್ರದ ಅಸದುಲ್ಲಾ ಸಾಹೇಬರೆಂದರೆ ತಿಳಿಯದವರಿಲ್ಲ. ಅವರ ಮನೆಯ ಮುಂದೆ ಅವತ್ತು ಬೀದಿಯೇ ನೆರೆದಿತ್ತು. ಬಂದವನು ಯಾರೆಂದು ಮಾತ್ರ ಅರ್ಧ ಮಂದಿಗೆ ಗೊತ್ತಿರಲಿಲ್ಲ. ಸಾಹೇಬರಿಗೆ ಗೊತ್ತಿತ್ತು. ತೀರಿಕೊಂಡ ಹೆಂಡತಿ ಕದೀಸುಮ್ಮಳ ತಮ್ಮ ಪೋಕ್ಕರ್, ತಲಚೇರಿಯವನು.

"ಇತ್ತಾತನ ಮುಖ ಒಂದು ಸಲ ತೋರಿಸಿ," ಎಂದು ಪೋಕ್ಕರ್ ಬುಟ್ಟಿಯನ್ನು ಜಗಲಿಯ ಮೇಲೆ ಕುಕ್ಕಿ ಕೈಮುಗಿದ. ಅಕ್ಕನನ್ನು ಅವರ ಕಡೆ ಹಾಗೆ ಕರೆಯುತ್ತಾರೆ. ಸಾಹೇಬರ ಮಗ ಅಬ್ದುಲ್ ರಹಮಾನ್ ಕಫನಿನ ಗಂಟು ಸಡಿಲಿಸಿ ತೋರಿಸಿದ. ಪೋಕ್ಕರ್ ನೋಡಿದ, ನೆಲದ ಮೇಲೆ ಕೂತುಬಿಟ್ಟ, ನಲವತ್ತು ದಾಟಿದ ಗಂಡಸು ಮಗುವಿನ ಹಾಗೆ ಅತ್ತ.

ಅಷ್ಟು ಹೊತ್ತಿಗೆ ಬುಟ್ಟಿಯ ವಾಸನೆ ಜಗಲಿಯನ್ನೆಲ್ಲ ತುಂಬಿತ್ತು. ಪಕ್ಕದ ಮನೆಯ ಚೆಲುವಮ್ಮ ಸೆರಗಿನಿಂದ ಮೂಗು ಮುಚ್ಚಿದಳು.

"ಮೀನಾ ಅಣ್ಣ ಅದು? ಸಾವಿನ ಮನ್ಗೆ ಮೀನು ತತ್ತಾರಾ?"

"ಮೀನಲ್ಲ ಅಮ್ಮ, ಮುರು, ಕಡಲ ಚಿಪ್ಪು," ಎಂದ ಪೋಕ್ಕರ್. ತಾಟು ಸರಿಸಿ ಒಂದು ಎಲೆ ಬಿಡಿಸಿದಾಗ ಒಳಗೆ ಒರಟೊರಟು ಚಿಪ್ಪುಗಳು ಕಂಡವು, ಎರಡು ಹೋಳು ಬಿಗಿಯಾಗಿ ಕಚ್ಚಿಕೊಂಡಿದ್ದವು.

ಮಸೀದಿಯ ಹಜರತ್ತರ ಹುಬ್ಬು ಗಂಟಾಯಿತು. "ಇದು ನಾವು ತಿನ್ನೋ ಪದಾರ್ಥ ಅಲ್ಲ. ಇಂಥಾ ದಿನ ಇದನ್ನ ಈ ಮನೆ ಬಾಗಿಲಿಗೆ ತರೋಕೆ ಯಾರು ಹೇಳಿದ್ದು?"

"ನಾನು," ಎಂದರು ಅಸದುಲ್ಲಾ ಸಾಹೇಬರು. "ನಾನೇ ಹೇಳಿ ತರಿಸಿದ್ದು."

ರಹಮಾನ್ ಅಪ್ಪನ ಮುಖವನ್ನೇ ನೋಡುತ್ತ ನಿಂತ. ಕೊನೆಗೆ ಸಾಹೇಬರೇ, "ಎತ್ರಪ್ಪ, ಹೊತ್ತಾಯ್ತು," ಎಂದರು.

* * *

ಕದೀಸುಮ್ಮ ಹುಟ್ಟಿ ಬೆಳೆದದ್ದು ತಲಚೇರಿಯ ಕಡಲ ದಂಡೆಯಲ್ಲಿ. ಅವಳ ಅಪ್ಪ ವಿರಾಜಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ. ಕಾಫಿತೋಟದ ಗಾಡಿಗಳಿಗೆ ಚಕ್ರ ಕಟ್ಟಲು ಅಲ್ಲಿಗೆ ಹೋಗಿದ್ದ ಅಸದುಲ್ಲಾ ಅಲ್ಲೇ ನಿಕಾ ಮಾಡಿಕೊಂಡು ಅವಳನ್ನು ಕರೆತಂದರು. ಕಡಲನ್ನು ಅವರು ಆಗಲೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ. ಅವರಿಗೆ ಮಲಯಾಳ ಬಾರದು, ಅವಳಿಗೆ ಉರ್ದು ಬಾರದು. ಇಬ್ಬರಿಗೂ ಅಲ್ಪಸ್ವಲ್ಪ ಗೊತ್ತಿದ್ದ ಕನ್ನಡದಲ್ಲೇ ಮೂವತ್ತೆಂಟು ವರ್ಷದ ಸಂಸಾರ ನಡೆಯಿತು. ಜಗಳಕ್ಕೂ ಅದೇ, ಸರಸಕ್ಕೂ ಅದೇ.

ಮದುವೆಯಾದ ವರ್ಷವೇ ತವರಿನಿಂದ ಒಂದು ಬುಟ್ಟಿ ಮುರು ಬಂತು. ಸಾಹೇಬರ ಪಂಥದಲ್ಲಿ ನೀರಿನದೆಂದರೆ ಮೀನೊಂದೇ. ಅವಳ ತವರಿನ ಪಂಥದಲ್ಲಿ ಚಿಪ್ಪಿಗೂ ಅಡ್ಡಿಯಿಲ್ಲ. ಅವರೂ ಅದೇ ನಮಾಜು ಮಾಡುವವರು, ಇವರೂ ಅದೇ ನಮಾಜು ಮಾಡುವವರು, ಆದರೆ ಇದನ್ನೆಲ್ಲ ಅತ್ತೆಗೆ ವಿವರಿಸುವವರು ಯಾರು? "ಹುಳ ತಿನ್ನೋ ಮನೆಯಿಂದ ಹೆಣ್ಣು ತಂದ್ಯೇನೋ" ಎಂದು ಆಕೆ ಬುಟ್ಟಿಯನ್ನು ಲಕ್ಷ್ಮಣತೀರ್ಥ ಹೊಳೆಗೆ ಎಸೆಸಿ, ಹೊಸ್ತಿಲನ್ನು ಏಳು ಸಲ ತೊಳೆಸಿದಳು. ತೊಳೆದವಳು ಕದೀಸುಮ್ಮಳೇ. ಅಸದುಲ್ಲಾ ಅಲ್ಲೇ ಅಂಗಳದಲ್ಲಿ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ಹಾಕುತ್ತಿದ್ದರು, ತಲೆ ಎತ್ತಲಿಲ್ಲ. ಪಟ್ಟಿ ತಣ್ಣಗಾದರೆ ಕೂರುವುದಿಲ್ಲ ಎನ್ನುವುದು ನಿಜ. ಆದರೆ ಪಟ್ಟಿ ಕೂತ ಮೇಲೂ ಅವರು ತಾಯಿಗೆ ಒಂದು ಮಾತು ಹೇಳಲಿಲ್ಲ.

ಆಮೇಲೆ ಅವಳು ಮುರು ಬೇಕೆಂದು ಕೇಳಲಿಲ್ಲ. ಹೇಳುವುದನ್ನು ಮಾತ್ರ ಬಿಡಲಿಲ್ಲ. ತಿನ್ನಬೇಡ ಅಂದರು, ಸರಿ. ಹೇಳುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು? ಅತ್ತೆ ಹೋಗಿ, ಪಿರಿಯಾಪಟ್ಟಣದಿಂದ ಸೊಸೆ ಅಕ್ತರುನ್ನೀಸಾ ಬಂದ ಮೇಲಂತೂ ಕೇಳುವ ಕಿವಿಯೊಂದು ಸಿಕ್ಕಿಬಿಟ್ಟಿತು. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಶುರುಮಾಡುತ್ತಿದ್ದಳು.

"ಮೂರು ಥರ ಉಂಟು ಮಗಳೇ. ಹೊಳೆ ಕಡಲಿಗೆ ಸೇರೋ ಕಡೆ ಮಣ್ಣಲ್ಲಿರೋದು ದೊಡ್ಡದು. ಎಳನೀರಿನ ಗಂಜಿ ಥರ ಸಿಹಿ, ಎರಡು ತಿಂದ್ರೆ ಸಾಕಾಗುತ್ತೆ. ಅಲ್ಲೇ ಗಿಡದ ಬೇರಿಗೆ ಅಂಟಿರೋದು ಸಣ್ಣದು, ಸ್ವಲ್ಪ ಒಗರು. ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ, ನುಂಗಿದ ಮೇಲೆ ಸಿಹಿ."

"ಇನ್ನೊಂದು?"

"ಕಲ್ಲಿಂದು. ಅಲೆ ಹೊಡೆಯೋ ಕಲ್ಲಿಗೆ ಕಚ್ಚಿಕೊಂಡಿರುತ್ತೆ, ಹೆಬ್ಬೆರಳಿನ ಉಗುರಿನಷ್ಟು. ಮೊದಲು ಉಪ್ಪು ಕಪಾಳಕ್ಕೆ ಹೊಡೆಯುತ್ತೆ. ಆಮೇಲೆ ಬಾಯೆಲ್ಲ ತಂಪು, ಗಂಟಲವರೆಗೂ ತಂಪು. ಅದರ ಮುಂದೆ ಮಿಕ್ಕಿದ್ದೆಲ್ಲ ಯಾವ ಲೆಕ್ಕ? ನಾನು ಕಲ್ಲಿಂದೇ ಬೇಕು ಅಂತ ಹಟ ಮಾಡಿ ಉಮ್ಮನ ಹತ್ರ ಏಟು ತಿಂದಿದ್ದೇನೆ."

"ಥೂ ಉಮ್ಮ! ಹಸಿಯಾಗೇ ತಿಂತಿದ್ರಾ?"

"ಮತ್ತೆ? ಬೇಯಿಸಿದ್ರೆ ಕಡಲು ಎಲ್ಲಿ ಉಳಿಯುತ್ತೆ?"

ಸಾಹೇಬರು ಜಗಲಿಯ ಮೇಲೆ ಮುಖಕ್ಕೆ ಟವೆಲು ಹಾಕಿಕೊಂಡು ಮಲಗಿರುತ್ತಿದ್ದರು. ಈ ಮಾತು ಅವರಿಗೆ ಸಾವಿರ ಸಲ ಕೇಳಿಸಿದೆ. ಒಂದು ಸಲವೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

* * *

ಗಂಡಸರು ಖಬರಸ್ಥಾನಕ್ಕೆ ಹೋದ ಮೇಲೆ ಮನೆ ಬಣಗುಟ್ಟಿತು. ಅಕ್ತರುನ್ನೀಸಾ ಬುಟ್ಟಿಯ ಪಕ್ಕ ಕೂತು ತಾಟಿನ ಮೇಲೆ ನೀರು ಚಿಮುಕಿಸಿದಳು. ಒಳಗೆ ಮೂರು ಬಗೆಯದನ್ನೂ ಬೇರೆ ಬೇರೆ ಬಾಳೆಎಲೆಯಲ್ಲಿ ಸುತ್ತಿಟ್ಟಿದ್ದ ಪೋಕ್ಕರ್. ಎಲ್ಲಕ್ಕಿಂತ ಕೆಳಗೆ, ಉಗುರಿನಷ್ಟು ಉಗುರಿನಷ್ಟು, ಕಲ್ಲಿನವು.

"ನಾಕು ದಿನದಿಂದ ಸಾಯ್ಬ್ರು ಬಸ್ಸಿನ್ ತಾವ್ಕೆ ವೋಗೋದು ಬರೋದು ಮಾಡ್ತಿದ್ರು ಕಣವ್ವ," ಎಂದಳು ಚೆಲುವಮ್ಮ. "ಮೈಸೂರಿಂದ ಡಾಕ್ಟ್ರು ಬತ್ತವ್ರೇನೋ ಅನ್ಕಂಡಿದ್ದೆ. ಇದಕ್ಕಾ?"

"ನನಗೂ ಗೊತ್ತಿರಲಿಲ್ಲ. ಒಂದು ಮಾತು ನನಗೆ ಹೇಳಿದ್ದಿದ್ರೆ..."

"ಏಳಿದ್ರೆ ಏನ್ ಮಾಡ್ತಿದ್ದೆ, ಬುಡು. ಓಗೋ ಜೀವ ನಿಂತದಾ?"

ಅಕ್ತರುನ್ನೀಸಾ ತಾಟು ಎಳೆದು ಬುಟ್ಟಿ ಮುಚ್ಚಿದಳು.

* * *

ಎರಡು ತಿಂಗಳಿಂದ ಕದೀಸುಮ್ಮಳ ಹೊಟ್ಟೆಯಲ್ಲಿ ಗಡ್ಡೆ. ಗಂಜಿಯೂ ಇಳಿಯುತ್ತಿರಲಿಲ್ಲ. ಹೋದ ಶುಕ್ರವಾರ ಜುಮ್ಮಾ ಮುಗಿಸಿ ಬಂದ ಸಾಹೇಬರು ಅವಳ ಹತ್ತಿರ ಕೂತು, "ಏನಾದ್ರೂ ತಿನ್ನಬೇಕು ಅನ್ಸುತ್ತಾ? ಹೇಳು," ಎಂದರು.

"ಏನು ಕೇಳಿದ್ರೂ ತರ್ತೀರಾ?"

"ತರ್ತೀನಿ."

"ಮುರು," ಎಂದು ಅವಳು ನಕ್ಕಳು. ಗಂಡನನ್ನು ರೇಗಿಸಲೆಂದೇ ಅಂದಿದ್ದಳೋ ಏನೋ. ಸಾಹೇಬರು ನಗಲಿಲ್ಲ. ಎದ್ದು ಟೋಪಿ ಹಾಕಿಕೊಂಡು ನೆಟ್ಟಗೆ ಬಸ್ಸಿನ ಹತ್ತಿರ ಹೋದರು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾಚಿಕೆ. ಮಸೀದಿಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಮನುಷ್ಯ ಚಿಪ್ಪು ತರಿಸುತ್ತಾನೆಂದರೆ ಊರು ಏನೆಂದೀತು! ವಿರಾಜಪೇಟೆಯ ಬಸ್ಸು ಹೊರಡುವುದರಲ್ಲಿತ್ತು. ಡ್ರೈವರ್ ಬೆಟ್ಟಸ್ವಾಮಿಯನ್ನು ಪಕ್ಕಕ್ಕೆ ಕರೆದರು.

"ಒಣಮೀನಂಗಡೀಲಿ ಹೇಳಿ, ಅವರು ತಲಚೇರಿಗೆ ಸುದ್ದಿ ಮುಟ್ಟಿಸ್ತಾರೆ. ಅಕ್ಕನಿಗೆ ಕಾಯಿಲೆ ಜಾಸ್ತಿ, ಮುರು ತಗೊಂಡು ಬೇಗ ಬಾ ಅಂತ."

"ಏನ್ ತಕಂಡು, ಸಾಯ್ಬ್ರೇ? ಇನ್ನೊಂದ್ ದಪ ಏಳಿ."

ಆಗಲೇ ಮಸೀದಿಯ ಇಬ್ಬರು ಬಸ್ಸು ಹತ್ತಲು ಬಂದರು. "ಮುರು, ಮುರು. ಅಷ್ಟಂದ್ರೆ ಸಾಕು," ಎಂದು ಸಾಹೇಬರು ಬೆನ್ನು ತಿರುಗಿಸಿ ಬಂದುಬಿಟ್ಟರು.

ಸೋಮವಾರದವರೆಗೂ ಕದೀಸುಮ್ಮ ಮಾತಾಡುತ್ತಿದ್ದಳು. ಮಂಗಳವಾರ ಮಾತು ನಿಂತಿತು. ಸಂಜೆ ಮಗ್ರಿಬ್‌ನ ಬಾಂಗಿಗೆ ಮುಂಚೆ ಉಸಿರೂ ನಿಂತಿತು.

* * *

ಮಣ್ಣು ಕೊಟ್ಟು ಬಂದವರು ಕೈಕಾಲು ತೊಳೆದು ಒಬ್ಬೊಬ್ಬರೇ ಹೋದರು. ಜಗಲಿಯ ಮೇಲೆ ಸಾಹೇಬರು, ಪೋಕ್ಕರ್, ನಡುವೆ ಬುಟ್ಟಿ. ಬಾಗಿಲ ಮರೆಯಲ್ಲಿ ಅಕ್ತರುನ್ನೀಸಾ ನಿಂತಿದ್ದಳು.

"ಶನಿವಾರವೇ ಸುದ್ದಿ ಬಂತು ಭಾವ," ಎಂದ ಪೋಕ್ಕರ್. "ಯಾವ ಮುರು ಅಂತ ಅದರಲ್ಲಿ ಇರಲಿಲ್ಲ. ಇತ್ತಾತ ಮನೆ ಬಿಟ್ಟಾಗ ನಾನು ಸಣ್ಣ ಮಗು, ಅವಳಿಗೆ ಯಾವುದು ಇಷ್ಟ ಅಂತ ನನಗೇನು ಗೊತ್ತು? ಕಲ್ಲಿಂದು ಭಾನುವಾರ ಬೆಳಿಗ್ಗೆಯೇ ಸಿಕ್ಕಿತ್ತು. ಮಣ್ಣಿಂದು ಸೋಮವಾರ. ಬೇರಿಂದು ಮಾತ್ರ ನೀರು ಪೂರ್ತಿ ಇಳಿಯದೆ ಸಿಗೋದಿಲ್ಲ, ನಿನ್ನೆಯ ಅಮಾವಾಸ್ಯೆಗೆ ಕಾದೆ. ಒಂದು ಬಿಟ್ಟು ಬಂದು, ಅವಳು ಕೇಳಿದ್ದು ಅದೇ ಆಗಿದ್ರೆ? ಅಂತ ಕಾದೆ ಭಾವ. ಹಾಳಾದ ಬುದ್ಧಿ, ಕಾದೆ."

ಸಾಹೇಬರು ಬೆರಳು ಮಡಿಸಿ ಏನೋ ಎಣಿಸಿದರು. "ಭಾನುವಾರವೇ ಹೊರಟಿದ್ದಿದ್ರೆ?"

"ಸೋಮವಾರ ಮಧ್ಯಾಹ್ನಕ್ಕೆ ಇಲ್ಲಿರ್ತಿದ್ದೆ."

"ಸೋಮವಾರ ಮಧ್ಯಾಹ್ನ ಅವಳು ಎದ್ದು ಕೂತಿದ್ಳು," ಎಂದರು ಸಾಹೇಬರು. ಬಾಗಿಲ ಕಡೆ ತಿರುಗಿದರು. "ಮಗಳೇ, ಅವಳು ನಿನ್ನ ಹತ್ರ ಹೇಳ್ತಾನೇ ಇದ್ಳು. ನಾನು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಬೇಕಿದ್ದದ್ದು ಯಾವುದು?"

ಅಕ್ತರುನ್ನೀಸಾಳ ನಾಲಿಗೆಯ ತುದಿಯಲ್ಲೇ ಇತ್ತು ಅದು. ಸಾಹೇಬರ ಮುಖ ನೋಡಿದಳು. ಆ ಕಣ್ಣು ಬೇಡುತ್ತಿತ್ತು, ಇಂಥದ್ದೇ ಉತ್ತರ ಕೊಡು ಎಂದು ಬೇಡುತ್ತಿತ್ತು.

"ಬೇರಿಂದು, ಮಾಮು."

"ನಿಜವಾ?"

"ನಿಜ. ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ ಇರುತ್ತೆ ಅಂತಿದ್ರು."

"ಹಾಗಾದ್ರೆ ಅಮಾವಾಸ್ಯೆಗೆ ಮೊದಲು ಏನು ಮಾಡಿದ್ರೂ ಸಿಕ್ತಿರಲಿಲ್ಲ."

"ಸಿಕ್ತಿರಲಿಲ್ಲ, ಮಾಮು."

ಬೆಳಗಿನಿಂದ ಒಂದು ಹನಿ ಹಾಕದಿದ್ದ ಸಾಹೇಬರು ಆಗ ಅತ್ತರು. ಅತ್ತು, ಮುಖ ಒರೆಸಿಕೊಂಡು ಕೇಳಿದರು, "ಇವಕ್ಕೆ ಇನ್ನೂ ಜೀವ ಉಂಟಾ?"

"ಉಂಟು. ಒದ್ದೆ ಇದ್ರೆ ನಾಲ್ಕೈದು ದಿನ ಇರ್ತವೆ."

"ಹೊಳೆಗೆ ಬಿಟ್ಟುಬಿಡೋಣ."

"ಸಿಹಿನೀರಲ್ಲಿ ಉಳಿಯೋದಿಲ್ಲ ಭಾವ."

ಸಾಹೇಬರು ಎದ್ದು ಒಳಗೆ ಹೋಗಿ ಮಣ್ಣಿನ ದೊಡ್ಡ ಗಡಿಗೆ ತಂದರು, ಬಾವಿಯಿಂದ ತಾವೇ ನೀರು ಸೇದಿ ಹಾಕಿದರು, ಅಡುಗೆಮನೆಯ ಕಲ್ಲುಪ್ಪಿನ ಜಾಡಿಯನ್ನೇ ಎತ್ತಿಕೊಂಡು ಬಂದರು. "ಅಬ್ಬಾ, ಬಿಡಿ, ಇದೆಲ್ಲ ಯಾಕೆ?" ಎಂದು ಒಳಗಿನಿಂದ ಬಂದ ರಹಮಾನ್ ಅಂದದ್ದು ಅವರಿಗೆ ಕೇಳಿಸಲಿಲ್ಲ. ಹಿಡಿ ಹಿಡಿ ಉಪ್ಪು ಸುರಿದು ಮೊಳಕೈವರೆಗೆ ಕೈ ಇಳಿಸಿ ಕಲಕಿದರು. ಪೋಕ್ಕರ್ ತೋರಿಸಿದ ಬೇರಿನ ಮುರುಗಳನ್ನು ಒಂದೊಂದಾಗಿ ಎಲೆಯಿಂದ ಬಿಡಿಸಿ ಬುಟ್ಟಿಯ ಅಂಚಿನಲ್ಲಿ ಜೋಡಿಸಿದರು. ಮಿಕ್ಕಿದ ಎರಡು ಪೊಟ್ಟಣಗಳನ್ನು ಸೊಸೆಯ ಕಡೆ ತಳ್ಳಿದರು.

"ಇವು ಯಾರಿಗೆ ಬೇಕು? ಹಿತ್ತಲಲ್ಲಿ ಜಜ್ಜಿ ಕೋಳಿಗೆ ಹಾಕಿಬಿಡು ಮಗಳೇ. ನನ್ನ ಕಣ್ಣಿಗೆ ಬೀಳೋದು ಬೇಡ."

ಅವಳು ಎತ್ತಿಕೊಂಡು ಹೋದಳು. ಇನ್ನೇನು ಮಾಡಿಯಾಳು? ಹಿತ್ತಲ ಬಟ್ಟೆಕಲ್ಲಿನ ಮೇಲೆ ಎಲೆ ಬಿಚ್ಚಿದಳು. ಕಲ್ಲಿನದೊಂದು ಸಣ್ಣ ಚಿಪ್ಪು ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಅವಳ ನೆರಳು ಬಿದ್ದದ್ದೇ ಟಕ್ಕನೆ ಮುಚ್ಚಿಕೊಂಡಿತು.

ಮುಂದಿನ ಅಂಗಳದಿಂದ ಸಾಹೇಬರ ದನಿ ಬಂತು.

"ಬಾಯಿಗೆ ಹಾಕಿ ನೋಡು ಪೋಕ್ಕರ್. ಕಡಲು ಇಷ್ಟು ಉಪ್ಪಿರುತ್ತಾ? ಇನ್ನೂ ಬೇಕಾ?"

ಕೋಳಿಗಳು ಆಗಲೇ ಸುತ್ತ ನೆರೆದಿದ್ದವು. ಅಕ್ತರುನ್ನೀಸಾ ಗುಂಡುಕಲ್ಲು ಎತ್ತಿದಳು.