ಮೊದಲು ಹೇಳಬೇಕಾದವರು

ನೀರು ಹೊಸ್ತಿಲಿಗೆ ಬರುವಷ್ಟರಲ್ಲಿ ಫಿಟ್ಟರ್ ಬಾಗಿಲ ಮುಂದಿನ ಚಪ್ಪಲಿಗಳನ್ನೆಲ್ಲ ಬಾಚಿಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟ. ರಸ್ತೆಯಲ್ಲಿ ದೊಡ್ಡ ಪೈಪು ಒಡೆದಿತ್ತು. ಶವದ ವ್ಯಾನು ತಿರುವಿನಲ್ಲೇ ನಿಂತುಬಿಟ್ಟಿತ್ತು.

"ನೋಡಿ ಅತ್ತಿಗೆ, ಇದೂ ಇವತ್ತೇ ಆಗಬೇಕಿತ್ತಾ?"

"ಬಿಡಪ್ಪ, ಅವರನ್ನ ಕಳಿಸಿಕೊಡೋಕೆ ಬಂದಿದೆ. ನನಗಿಂತ ಹೆಚ್ಚು ಸಂಸಾರ ಮಾಡಿದ್ದು ಪೈಪಿನ ಜೊತೆಗೇ ಅಲ್ವಾ?"

ಹಾಲ್‌ನಲ್ಲಿ ಕೊನೆಯ ದರ್ಶನಕ್ಕೆ ಮಲಗಿಸಿದ್ದ ಆಕೆಯ ಗಂಡ ಊರಿನ ನೀರು ಸರಬರಾಜಿನಲ್ಲಿದ್ದವನು, ಫಿಟ್ಟರ್‌ನ ಹಿರಿಯ ಸಹೋದ್ಯೋಗಿ. ಎಲ್ಲರ ಬಾಯಲ್ಲೂ ವಾಲ್ವಣ್ಣ. ಬೆಳಗಿನಿಂದ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಎಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದರು!

"ನಿಮ್ಮದು ಕೇಳಿಸಿಕೊಂಡಿರಬಹುದು," ಎಂದಿದ್ದಳು ಆಕೆ. "ನಾನಂತೂ ಜೀವಮಾನವೆಲ್ಲ ಆ ಬೆನ್ನಿಗೆ ಮಾತಾಡಿದೆ."

ನಗಿಸಲು ಹೇಳಿದ್ದು, ನಕ್ಕರು ಕೂಡ. ಆದರೆ ಆಡಿದ ಅಷ್ಟೊಂದು ಮಾತಿನಲ್ಲಿ ಒಂದಾದರೂ ಆತನ ಕಿವಿಗೆ ಬಿದ್ದಿತ್ತೇ? ಕೇಳೋಣವೆಂದರೆ ಇನ್ನು ಆತನೇ ಇಲ್ಲ.

*

ಎಷ್ಟೋ ವರ್ಷಗಳ ಹಿಂದೆ ಆಫೀಸಿನವರು ಗುಜರಿಗೆ ಹಾಕಲಿದ್ದ ಪುಟ್ಟ ಪರದೆಯ ಕಂಪ್ಯೂಟರನ್ನು ವಾಲ್ವಣ್ಣ ಕೂಸಿನಂತೆ ಎತ್ತಿಕೊಂಡು ಮನೆಗೆ ತಂದಿದ್ದ. ಅದರ ಪರದೆಯ ಮೇಲೆ ಬೇಕಾದ್ದನ್ನು ಬರೆದಿಡುವ ಕಾರ್ಡುಗಳಿದ್ದವು. ಕಾರ್ಡಿನಲ್ಲಿ ಅಡಿಗೆರೆ ಎಳೆದ ಮಾತನ್ನು ಒತ್ತಿದರೆ ಅದರದೇ ಇನ್ನೊಂದು ಕಾರ್ಡು ತೆರೆಯುತ್ತಿತ್ತು.

"ವಾಲ್ವ್ ಒತ್ತಿದರೆ ಬೀದಿ, ಬೀದಿ ಒತ್ತಿದರೆ ಮನೆ. ಮನೆಯಿಂದ ತಿರುಗಿ ವಾಲ್ವಿಗೆ! ನಕ್ಷೆ ಹರಡಿಕೊಂಡು ಒದ್ದಾಡೋದೇ ಬೇಡ ಕಣೇ."

ಆಕೆ ಹಿಂದೆ ಕೂತು ಬಟ್ಟೆ ಮಡಿಸುತ್ತಿದ್ದಳು. "ಅಂದ್ರೆ ಒಂದು ಹೇಳೋಕೆ ಹೋಗಿ ಇನ್ನೊಂದಕ್ಕೆ ಹಾರೋದು. ಅದನ್ನೇ ನಾನು ಮಾಡಿದ್ರೆ ವಟವಟ ಅಂತೀರಿ."

ಆತ ನಕ್ಕು ಪರದೆಯತ್ತ ತಿರುಗಿದ. ಆಮೇಲೆ ಸಂಜೆಗಳೆಲ್ಲ ಹಾಗೆಯೇ ಕಳೆದವು. ಲಾಂಡ್ರಿಯವನಿಂದ ಅವನ ಅತ್ತೆಗೆ, ಅತ್ತೆಯಿಂದ ಅವಳ ಮಂಡಿನೋವಿಗೆ, ಮಂಡಿನೋವಿನಿಂದ ಎಣ್ಣೆ ಕೊಟ್ಟ ಟೈಲರಮ್ಮನಿಗೆ ಆಕೆಯ ಮಾತು ಹೋಗುತ್ತಿತ್ತು. ಉತ್ತರವಾಗಿ ಬರುತ್ತಿದ್ದುದು ಕೀಲಿಮಣೆಯ ಟಕಟಕ, ಆಗೊಮ್ಮೆ ಈಗೊಮ್ಮೆ ಒಂದು "ಹ್ಞೂಂ". ಕಿವಿ ಮುಚ್ಚಿಕೊಳ್ಳಲು ಆತ ಕಂಡುಕೊಂಡ ಉಪಾಯ ಅದು ಎಂದೇ ಆಕೆ ನಂಬಿದ್ದಳು.

*

"ಆಫೀಸಿನ ನಕ್ಷೇಲಿ ಈ ರಸ್ತೆಯ ವಾಲ್ವೇ ಇಲ್ಲ," ಎಂದ ಫಿಟ್ಟರ್. "ಇಂಥದ್ದಕ್ಕೆಲ್ಲ ಅಣ್ಣನಿಗೇ ಫೋನ್ ಮಾಡ್ತಿದ್ವಿ. ಅವರ ಕಂಪ್ಯೂಟರ್ ಪೆಟ್ಟಿಗೆ ಸ್ವಲ್ಪ ತೆಗೀತೀರಾ?"

ಮಗಳು ಕಂಪ್ಯೂಟರ್ ಮುಂದೆ ಕೂತು ಬೀದಿಯನ್ನು ಒತ್ತಿದಳು. ವಾಲ್ವಿನ ಕಾರ್ಡು ಬಂತು. ಗಟ್ಟಿಯಾಗಿ ಓದಿದಳು: "ಬೇಕರಿ ಮೂಲೆ, ಕಬ್ಬಿಣದ ಮುಚ್ಚಳದ ಕೆಳಗೆ. ಇದು ಉಲ್ಟಾ ವಾಲ್ವ್. ಎಡಕ್ಕೆ ತಿರುಗಿಸಿದರೆ ಮುಚ್ಚುತ್ತೆ. ಬಲಕ್ಕೆ ತಿರುಗಿಸಿದವನು ಸ್ನಾನ ಮಾಡಿಕೊಂಡು ಬರುತ್ತಾನೆ."

"ಆ ಸ್ನಾನ ಮಾಡಿದವನು ನಾನೇ," ಎಂದು ನಕ್ಕ ಫಿಟ್ಟರ್ ಕಣ್ಣೊರೆಸಿಕೊಂಡು ಹೊರಟ.

"ತಡೀರಿ, ಇನ್ನೂ ಇದೆ. ನೀರು ನಿಲ್ಲಿಸೋ ಮುಂಚೆ 'ಮೊದಲು ಹೇಳಬೇಕಾದವರು' ಅಂತ." ಮಗಳು ಅದನ್ನೂ ಒತ್ತಿದಳು. "ಲಾಂಡ್ರಿ. ಮಾಲೀಕನಿಗಲ್ಲ, ಅವನ ಅತ್ತೆಗೆ ಹೇಳು. ಅವನು ಹ್ಞೂಂ ಅಂದು ಮರೀತಾನೆ, ಪುಣ್ಯಾತ್ಮ. ಅತ್ತೆಗೆ ಮಂಡಿನೋವು, ಬೆಲ್ ಒತ್ತಿ ಕಾಯಬೇಕು."

ಒಳಕೋಣೆಗೆ ಹೊರಟಿದ್ದ ಆಕೆ ನಿಂತಳು. ಪುಣ್ಯಾತ್ಮ ಎನ್ನುವುದು ಆಕೆಯದೇ ಮಾತು.

"ಟೈಲರಮ್ಮ. ಗಂಡನಿಗೆ ಮನೇಲೇ ಡಯಾಲಿಸಿಸ್. ಯಂತ್ರ ನಡೆಯುವಾಗ ನೀರು ನಿಲ್ಲಿಸಲೇಬಾರದು. ಕೇಳಿದ್ರೆ ಪರವಾಗಿಲ್ಲ ಅಂತಾಳೆ, ಸಂಕೋಚದ ಪ್ರಾಣಿ, ನಂಬಬೇಡ. ಒಳಗೆ ಹೋಗಿ ನೋಡು." ಮಗಳ ದನಿ ಸಣ್ಣದಾಯಿತು. "ಅಮ್ಮಾ, ಎಲ್ಲ ಕಾರ್ಡಿನ ಕೆಳಗೂ ಒಂದೇ ಸಾಲಿದೆ. 'ಮನೆಯವಳು ಹೇಳಿದ್ದು.'"

"ಅಣ್ಣ ಮನೆಮನೆ ತಿರುಗಿ ಬರೆದಿದ್ದು ಅಂದ್ಕೊಂಡಿದ್ವಿ," ಎಂದ ಫಿಟ್ಟರ್. "ಇಷ್ಟು ವರ್ಷ ನೀವೇ ನಮ್ಮನ್ನ ಕಾಪಾಡಿದ್ದು ಅತ್ತಿಗೆ."

ಆಕೆ ಬಂದು ಪರದೆಯತ್ತ ಬಾಗಿದಳು. "ಕೇಳಿಸಿಕೊಂಡಿದಾರೆ ಕಣೇ," ಎಂದಳು ಮಗಳಿಗೆ. "ಎಲ್ಲಾ ಕೇಳಿಸಿಕೊಂಡಿದಾರೆ." ಬೆಳಗಿನಿಂದ ಬಾರದ ಅಳು ಈಗ ಬಂತು. ಮನಸ್ಸು ಅಷ್ಟು ಹಗುರಾಗುವಂತೆ ಆಕೆ ಹಿಂದೆಂದೂ ಅತ್ತಿರಲಿಲ್ಲ.

"ಟೈಲರಮ್ಮನ ಮನೆ ಮೂರನೇ ಮಹಡಿ ಅಂತಿದೆ. ಓಡ್ತೀನಿ," ಎಂದ ಫಿಟ್ಟರ್ ಪರದೆ ನೋಡಿ.

"ನಿಲ್ಲಪ್ಪ! ಹೋದ ತಿಂಗಳೇ ಕೆಳಮನೆಗೆ ಬಂದ್ರು. ಹಿಂದಿನ ಬಾಗಿಲು. ಇವರಿಗೆ ಹೇಳೋಣ ಅಂದ್ರೆ ಆಸ್ಪತ್ರೇಲಿದ್ರು."

ಫಿಟ್ಟರ್ ಪ್ಯಾಂಟು ಮಡಚಿಕೊಂಡು ನೀರಿಗಿಳಿದ. ಟೈಲರಮ್ಮನ ಮನೆಯಲ್ಲಿ ಡಯಾಲಿಸಿಸ್ ಯಂತ್ರ ನಡೆಯುತ್ತಿತ್ತು. ಅದು ಮುಗಿಯುವ ತನಕ ಅವನು ಅವರ ಹಿಂಬಾಗಿಲಲ್ಲೇ ಕಾದ, ಬೀದಿಯವರೆಲ್ಲ ಕಾದರು. ಆಮೇಲೆ ವಾಲ್ವನ್ನು ಎಡಕ್ಕೆ ತಿರುಗಿಸಿದ. ರಸ್ತೆಯ ನೀರು ಇಳಿದು ವ್ಯಾನು ಮನೆ ಮುಂದೆ ಬಂದು ನಿಂತಿತು.

"ಅಮ್ಮಾ, ಹೊರಡೋಣ್ವಾ?"

"ಒಂದು ನಿಮಿಷ." ಆಕೆ ತನ್ನ ಹಳೆಯ ಕುರ್ಚಿಯನ್ನು ಮಗಳ ಬೆನ್ನ ಹಿಂದೆ ಎಳೆದುಕೊಂಡಳು. "ಬರಿ. ಕೆಳಮನೆ, ಹಿಂದಿನ ಬಾಗಿಲು. ಬೆಲ್ ಇಲ್ಲ, ಕಿಟಕಿ ತಟ್ಟಬೇಕು. ಆ ಕಿಟಕಿ ಅಂದೆ ನೋಡು, ನೆನಪಾಯ್ತು..."

ಮಗಳು 'ಕಿಟಕಿ'ಯ ಕೆಳಗೆ ಗೆರೆ ಎಳೆದಳು. ನೀರಿನ ಸದ್ದು ನಿಂತಿದ್ದ ಮನೆಯಲ್ಲಿ ಕೀಲಿಮಣೆಯ ಟಕಟಕ ಆತ ಮಲಗಿದ್ದ ಹಾಲ್‌ನವರೆಗೂ ಕೇಳಿಸುತ್ತಿತ್ತು.