ಹೊಗೆ ಕುಡಿದ ಬೀಜ

"ದೂರ ನಿಲ್ಲೇ, ಮುಂಡೆ. ನಿನ್ನ ನೆರಳು ಸಾಹೇಬ್ರ ಮೇಲೆ ಬೀಳ್ತದೆ."

ಒಡೆಯ ಮಧುಕೇಶ್ವರ ಹಾಗೆಂದ ಕೂಡಲೇ ನಾಗಿ ಕತ್ತಿ ಹಿಡಿದುಕೊಂಡೇ ಬದುವಿನಿಂದ ಕೆಳಗಿಳಿದಳು. ಶಿರಸಿಯಿಂದ ಗುಡ್ನಾಪುರಕ್ಕೆ ಗಾಡಿ ಕಟ್ಟಿಸಿಕೊಂಡು ಬಂದವನು ಬೇಸಾಯ ಖಾತೆಯ ಶೇತ್ಕಿ ಸಾಹೇಬ. ಊರೂರಿನ ಭತ್ತದ ತಳಿ ಕೂಡಿಸಿ ಸರಕಾರಿ ಹೊಲದಲ್ಲಿ ಬೆಳೆದು ನೋಡುವುದು ಅವನ ಕೆಲಸ. ಆ ಮಳೆಗಾಲ ಕೆರೆಯ ನೀರು ಹದಿನೈದು ದಿನ ಗದ್ದೆಗಳ ಮೇಲೆ ನಿಂತು ಊರ ಪೈರೆಲ್ಲ ಕೊಳೆತಿತ್ತು. ನಾಗಿಯ ನೆರೆಗುಳಿ ಭತ್ತ ಮಾತ್ರ ನೀರು ಇಳಿದ ಮೇಲೆ ತಲೆಯೆತ್ತಿ ನಿಂತಿತು. ಯಾರಿಗೂ ಬೇಡವಾದ ಕೆರೆಯಂಚಿನ ಗದ್ದೆ ಎಂದೇ ಅದು ಅವಳಿಗೆ ಗೇಣಿಗೆ ಸಿಕ್ಕಿದ್ದು.

"ಈ ತಳಿ ಕಾದಿಟ್ಟವರು ಯಾರು?" ಸಾಹೇಬ ಕೇಳಿದ.

ನಾಗಿ ಬಾಯಿ ತೆರೆಯುವುದರೊಳಗೆ ಒಡೆಯ, "ನಮ್ಮ ಅಜ್ಜನ ಕಾಲದ್ದು ರಾಯರೇ. ಇವ್ಕೆಲ್ಲ ಎಂತ ಗೊತ್ತು, ಬಿತ್ತು ಅಂದ್ರೆ ಬಿತ್ತತಾವೆ" ಎಂದ. ಸಾಹೇಬ ಹಾಗೇ ಬರೆದುಕೊಂಡು, ಬಿತ್ತನೆಯ ಹೊತ್ತಿಗೆ ಬೀಜಕ್ಕೆ ಆಳು ಕಳಿಸುತ್ತೇನೆಂದು ಹೋದ.

ಗಾಡಿ ಮರೆಯಾಯಿತು. ಒಡೆಯ ತಿರುಗಿದ.

"ಬೀಜದ ಮುಡಿ ತಂದು ನಮ್ಮ ಅಂಗಳದಲ್ಲಿಡು. ಒಂದು ಕಾಳು ಉಳಿಸ್ಕಂಡ್ರೂ ಚರ್ಮ ಸುಲಿಸ್ತೆ. ಬರೋ ವರ್ಷ ಈ ಗದ್ದೆ ನಾವೇ ಮಾಡ್ತೇವೆ."

"ನಾನೆಲ್ಲಿ ಹೋಗ್ಲಿ ಒಡೇರೆ?"

"ಕೆರೆ ಅದೆಯಲ್ಲ. ಬೀಳು."

ಗೇಣಿಯ ಭತ್ತವೆಲ್ಲ ಒಡೆಯನ ಕಣಜದಲ್ಲಿ ಬೇರೆ ಭತ್ತದ ಜೊತೆ ಬೆರೆತುಹೋಗುತ್ತಿತ್ತು. ಅಪ್ಪಟ ಬೀಜ ಇದ್ದದ್ದು ನಾಗಿಯ ಒಲೆಯ ಮೇಲೆ ಮಾತ್ರ. ಕೊಯ್ಲಿಗೆ ಮುಂಚೆ, ಮುಳುಗಿ ಎದ್ದ ಬುಡಗಳ ತೆನೆಯನ್ನೇ ಆರಿಸಿ, ಹುಲ್ಲಿನಲ್ಲಿ ಮುಡಿ ಕಟ್ಟಿ ಹೊಗೆಗೆ ತೂಗುಹಾಕುವುದನ್ನು ಅವ್ವ ಕಲಿಸಿದ್ದಳು. ಬಿತ್ತನೆಗಿಟ್ಟದ್ದಕ್ಕೆ ಹಸಿವಿನ ಕೈ ಹಾಕಬಾರದು ಎಂದೂ ಹೇಳಿದ್ದಳು. ಅವ್ವ ಹೋದಳು. ಗಂಡ, ಹುಚ್ಚ ಅಂತ ಹೆಸರು, ಚಳಿಜ್ವರದಲ್ಲಿ ಹೋಗಿ ಆರು ವರ್ಷ. ಮಕ್ಕಳಿಲ್ಲ. ಸಂಜೆ ಒಲೆ ಹೊತ್ತಿಸಿದಾಗ ನಾಗಿ ಮಾತಾಡುತ್ತಿದ್ದುದು ಆ ಮುಡಿಯ ಜೊತೆ. ಮಳೆ ಬರೂ ಹಂಗದೆ ನೋಡು, ಸೊಂಟ ನೋಯ್ತದೆ ನೋಡು ಎಂದು.

ಆ ಮಧ್ಯಾಹ್ನ ಅವಳು ಮುಡಿ ಇಳಿಸಿದಳು. ಒಂದು ಹಿಡಿ ಬೇರೆ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಉಳಿದದ್ದನ್ನು ಕುದಿವ ನೀರಿಗೆ ಸುರಿದಳು. ಕುಚ್ಚಲಕ್ಕಿಗೆ ಬೇಯಿಸುವ ವಾಸನೆ ಎದ್ದಾಗ ಅವಳಿಗೆ ತಡೆಯಲಾಗಲಿಲ್ಲ, ಹುಚ್ಚನ ಹೆಣದ ಮುಂದೆಯೂ ಅತ್ತಿರದಷ್ಟು ಅತ್ತಳು. ಯಾಕೆ ಎಂದು ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಬೆಂದದ್ದನ್ನು ಸಿಪ್ಪೆ ಬಿರಿಯುವ ಮುಂಚೆ ಬಸಿದು ಒಣಗಿಸಿ, ಮತ್ತೆ ಮುಡಿ ಕಟ್ಟಿ ಹೊಗೆಗೆ ಹಾಕಿದಳು. ಹೊಗೆ ಕುಡಿದ ಕಾಳು ಹೇಗೂ ಕಪ್ಪು, ನೋಡಿದವರಿಗೆ ಗುರುತು ಸಿಗುವಂತಿರಲಿಲ್ಲ.

ಹೊಗೆ ಹಿಡಿದ ಮೇಲೆ ಮುಡಿಯನ್ನು ಒಡೆಯನ ಅಂಗಳದ ಅಂಚಿಗಿಟ್ಟು ಅವಳು ಹಿಂದೆ ಸರಿದಳು. ಒಡೆಯ ಅದರ ಮೇಲೆ ನೀರು ಚಿಮುಕಿಸಿ, ಮೈಲಿಗೆ ಕಳೆದು ಒಳಗೆ ಒಯ್ಯಿಸಿದ. ಬಿತ್ತನೆಯ ಹೊತ್ತಿಗೆ ಬಂದ ಸಾಹೇಬನ ಆಳಿಗೆ ಅರ್ಧ ಕೊಟ್ಟ.

ಮುಂಗಾರು ಹಿಡಿಯಿತು. ಒಡೆಯನ ಮನೆಯಲ್ಲಿ ನೆನೆಹಾಕಿದ ಬೀಜ ಐದು ದಿನವಾದರೂ ಮೊಳಕೆಯ ಮೂಗು ಒಡೆಯಲಿಲ್ಲ, ಆರನೇ ದಿನ ಹುಳಿವಾಸನೆ ಬಂತು. ನಾಗಿಯನ್ನು ಎಳೆದು ತರಿಸಿದರು.

"ಎಂತ ಮಾಡಿದ್ಯೇ, ಬೋಳಿ?"

"ನಾ ಎಂತ ಮಾಡ್ಲಿ ಒಡೇರೆ. ನನ್ನ ಕೈ ತಾಗಿದ್ದು ಅಂತ ನೀವೇ ತೊಳ್ದು ಒಳಗೆ ತಗಂಡ್ರಿ. ತೊಳ್ದಿದ್ದು ಹೆಚ್ಚಾತು ಕಾಣ್ತದೆ."

ಬಾರುಕೋಲು ಬೆನ್ನಿನ ಮೇಲೆ ಎಷ್ಟು ಸಲ ಬಿತ್ತೋ. ಸಂಜೆಯೊಳಗೆ ಅವಳ ಬಿಡಾರದ ಸೋಗೆ ಕಿತ್ತು ಒಲೆ ಒಡೆದರು. ಕೇರಿಯವರು ಬಾಗಿಲು ತೆಗೆಯಲಿಲ್ಲ, ಅವರಿಗೂ ಅದೇ ಒಡೆಯ.

ನಾಗಿ ಕೆರೆಗಿಳಿದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಸೆರಗಿನ ಗಂಟು ಬಿಚ್ಚಿದಳು. ಅಂಚಿನ ಕೆಸರನ್ನು ಬೆರಳಿನಿಂದ ಕೆದರಿ, ಒಂದೊಂದೇ ಕಾಳು ಊರುತ್ತ ಬಂದಳು. ಬೆನ್ನಿನ ರಕ್ತ ಮಳೆಗೆ ತೊಳೆದುಹೋಗುತ್ತಿತ್ತು.

"ಬೀಳು ಅಂದ್ನಲ್ಲ, ಬಂದೆ" ಎಂದಳು ಕಾಳಿಗೆ. "ನೀನು ಏಳು."

ನೀರು ಏರುತ್ತಿತ್ತು. ಅವಳು ಇನ್ನೊಂದು ಕಾಳು ಊರಿದಳು.