ವಾಸದ ಷರತ್ತು

ಸೋಮವಾರ ಸಂಜೆ ಇವರು ತಲೆಗೂದಲು ಕತ್ತರಿಸಿಕೊಂಡು ಮನೆಗೆ ಬಂದದ್ದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಬೇರೆಯವರ ಗಂಡಂದಿರು ಕ್ಷೌರ ಮಾಡಿಸಿಕೊಂಡರೆ ಅದು ಬರೀ ಕ್ಷೌರ. ನನ್ನ ಗಂಡ ಫುಟ್‌ಬಾಲ್ ತಂಡದ ಮ್ಯಾನೇಜರ್. ಹದಿನಾಲ್ಕು ವರ್ಷಗಳಲ್ಲಿ ಏಳು ಕ್ಲಬ್ಬು, ಏಳು ಊರು, ಏಳು ಬಾಡಿಗೆ ಮನೆ. ಪ್ರತಿ ಸಲವೂ ಹೊಸ ಕ್ಲಬ್ಬಿನ ಅಂಗಿಯನ್ನು ಎದೆಗೆ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುವುದಕ್ಕೆ ನಾಲ್ಕೈದು ದಿನ ಮೊದಲು ಇವರು ಕ್ಷೌರದಂಗಡಿಗೆ ಹೋಗಿ ಕೂತಿದ್ದಾರೆ. ಬೇರೆ ಹೆಂಗಸರು ಗಂಡನ ಜೇಬು ತಡಕುತ್ತಾರಂತೆ. ನಾನು ಇವರ ಕುತ್ತಿಗೆ ನೋಡುತ್ತೇನೆ.

"ಏನ್ರೀ, ಅಷ್ಟು ಸೆಕೆನಾ?" ಎಂದು ಕೇಳಿದೆ.

"ಹೂಂ, ಸೆಕೆ," ಎಂದರು. ಹೊರಗೆ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು.

ಇವರ ಕರಾರಿನಲ್ಲಿ ಬಿಡುಗಡೆ ಷರತ್ತು ಅಂತ ಒಂದಿದೆ. ಲೀಗ್ ಮುಗಿದ ಮೇಲೆ ಮೂರು ವಾರ, ಯಾವ ಕ್ಲಬ್ಬಾದರೂ ಗೊತ್ತುಪಡಿಸಿದ ಮೊತ್ತವನ್ನು ಈ ಕ್ಲಬ್ಬಿಗೆ ಕೊಟ್ಟು ಇವರನ್ನು ಕರೆದುಕೊಂಡು ಹೋಗಬಹುದು. ಇಲ್ಲಿಯವರು ತುಟಿಪಿಟಕ್ಕೆನ್ನುವಂತಿಲ್ಲ. ಆ ಮೂರು ವಾರ ಈ ಶುಕ್ರವಾರ ಸಂಜೆ ಐದು ಗಂಟೆಗೆ ಮುಗಿಯುವುದಿತ್ತು. ಅದು ದಾಟಿದರೆ ಇನ್ನೊಂದು ವರ್ಷ ಯಾರೂ ಇವರನ್ನು ಮುಟ್ಟುವಂತಿಲ್ಲ.

ನನ್ನ ಕರಾರಿನಲ್ಲಿ ಬಿಡುಗಡೆಯೂ ಇಲ್ಲ, ಗಿಡುಗಡೆಯೂ ಇಲ್ಲ. ಬಸ್ ನಿಲ್ದಾಣದ ಎದುರಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಔಷಧಿ ಅಂಗಡಿಗೂ ನಡುವೆ, ಮೂರು ತಿಂಗಳ ಹಿಂದೆ ನಾನೊಂದು ಕನ್ನಡಕದಂಗಡಿ ತೆರೆದಿದ್ದೆ. ಬಾಡಿಗೆ ಕರಾರು ಐದು ವರ್ಷದ್ದು, ನಡುವೆ ಬಿಡುವಂತಿಲ್ಲ. ಕಣ್ಣು ಪರೀಕ್ಷೆ ಮಾಡುವುದನ್ನು ಕಲಿತು ಹದಿನಾರು ವರ್ಷವಾದರೂ ಊರೂರಿನಲ್ಲಿ ಬೇರೆಯವರ ಅಂಗಡಿಯ ಫ್ರೇಮು ಒರೆಸುವುದರಲ್ಲೇ ನನ್ನ ವಿದ್ಯೆ ಸವೆದಿತ್ತು. ಇಲ್ಲಿ ಮೊದಲ ಬಾರಿಗೆ ಬಾಗಿಲಿನ ಕೀಲಿ ನನ್ನ ಕೈಯಲ್ಲಿತ್ತು. ಸಹಿ ಹಾಕುವಾಗ ಪೆನ್ನು ಕೊಟ್ಟವರು ಇವರೇ.

ನೀವೊಬ್ಬರೇ ಹೋಗಿ, ನಾನಿಲ್ಲೇ ಇರುತ್ತೇನೆ ಎನ್ನೋಣವೆಂದರೆ ಅದಕ್ಕೂ ಕಲ್ಲು ಹಾಕುವ ಷರತ್ತೊಂದಿದೆ. ಮ್ಯಾನೇಜರ್ ಮೈದಾನದಿಂದ ಅರ್ಧ ಗಂಟೆಯ ದಾರಿಯೊಳಗೆ ಕುಟುಂಬ ಸಮೇತ ವಾಸವಾಗಿರತಕ್ಕದ್ದು ಎಂದು ಈ ಲೀಗಿನ ಎಲ್ಲ ಕ್ಲಬ್ಬುಗಳೂ ಬರೆಸಿಕೊಳ್ಳುತ್ತವೆ. ಹೆಂಡತಿ, ಪಾತ್ರೆ, ಪರದೆ ಎಲ್ಲ ಊರಿಗೆ ಬಂದರೆ ಆಸಾಮಿ ಓಡಿಹೋಗುವುದಿಲ್ಲ ಎಂಬ ನಂಬಿಕೆ. ಮೂರನೆಯ ಕ್ಲಬ್ಬಿನ ಕಾರ್ಯದರ್ಶಿಯಂತೂ ನಮ್ಮ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿ ಹೋಗಿದ್ದ.

ಮಂಗಳವಾರ ಬೆಳಿಗ್ಗೆ ಪೇಪರಿನಲ್ಲಿ ಬಂದೇ ಬಿಟ್ಟಿತು. ಹಳದಿ ಅಂಗಿಯವರ ಕ್ಲಬ್ಬು, ಅಂದರೆ ರೈಲಿನಲ್ಲಿ ಎರಡೂವರೆ ಗಂಟೆ ದೂರದ ನಮ್ಮ ಬದ್ಧ ಎದುರಾಳಿಗಳು, ಇವರ ಮೇಲೆ ಕಣ್ಣಿಟ್ಟಿದ್ದಾರಂತೆ. ಬಲ್ಲ ಮೂಲಗಳ ಪ್ರಕಾರ ಅಂತೆ. ಕೆಳಗೆ ನಮ್ಮ ಕ್ಲಬ್ಬಿನ ಅಧ್ಯಕ್ಷರ ಮಾತು: "ಅವರ ಏಳಿಗೆಗೆ ನಾವು ಅಡ್ಡಿ ಬರುವುದಿಲ್ಲ." ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಬೆಪ್ಪು ನಾನು.

ಅತ್ತೆ ಭೂತಗನ್ನಡಿ ಹಿಡಿದು ಇಡೀ ಸುದ್ದಿ ಓದಿ ಮುಗಿಸಿದರು. ಮಗನ ಕೆಲಸದ ಬಗ್ಗೆ ಅತ್ತೆಗೆ ತಮ್ಮದೇ ಲೆಕ್ಕಾಚಾರವಿದೆ. ಊರು ಬದಲಿಸುವಾಗ ಸಾಮಾನು ಕಟ್ಟುವ ಪೆಟ್ಟಿಗೆಗಳಲ್ಲಿ ಒಂಬತ್ತನೆಯ ನಂಬರಿನದರಲ್ಲಿ ಅವರ ತವರಿನ ಗೋಡೆ ಗಡಿಯಾರವಿದೆ. ಒಂದು ಮನೆಯಲ್ಲಿ ವರ್ಷ ತುಂಬುವವರೆಗೆ ಅದನ್ನು ಬಿಚ್ಚುವಂತಿಲ್ಲ. ಏಳು ಮನೆಗಳಲ್ಲಿ ಅದು ಗೋಡೆ ಕಂಡದ್ದು ಎರಡೇ ಸಲ.

"ಶುಕ್ರವಾರಕ್ಕೆ ವರ್ಷ ತುಂಬತ್ತೆ ಕಣೇ. ಮೊಳೆ ತರಿಸ್ಲೋ, ಹಗ್ಗ ತರಿಸ್ಲೋ?" ಎಂದರು.

"ನಿಮ್ಮ ಮಗನ್ನ ಕೇಳಿ."

"ಅವನು ಬಾಯಿ ಬಿಟ್ರೆ ತಾನೆ? ಹುಟ್ಟಿದಾಗ ಅತ್ತಿದ್ದೇ ಹೆಚ್ಚು."

ಇವರು ಬಾಯಿ ಬಿಡದಿರುವುದಕ್ಕೆ ನಾನೇ ಕಾರಣ, ಅದನ್ನೂ ಹೇಳಿಬಿಡುತ್ತೇನೆ. ಎರಡನೆಯ ಊರಿನಲ್ಲಿದ್ದಾಗ ಒಂದು ದೊಡ್ಡ ಕ್ಲಬ್ಬಿನ ಮಾತುಕತೆಯನ್ನು ನನ್ನ ಕಿವಿಗೆ ಹಾಕಿದ್ದರು. ನಾನು ನನ್ನ ತಂಗಿಗೆ ಹೇಳಿದೆ. ಅವಳು ಗಂಡನಿಗೆ, ಅವನು ಊರಿಗೆ. ಮೂರನೆಯ ದಿನ ಆ ಕ್ಲಬ್ಬಿನವರು ಫೋನೆತ್ತುವುದನ್ನೇ ನಿಲ್ಲಿಸಿದರು. ಅಂದಿನಿಂದ ಇವರು ಸಹಿ ಬೀಳುವ ಮೊದಲು ಮನೆಯಲ್ಲಿ ಸೊಲ್ಲೆತ್ತುವುದಿಲ್ಲ. ನಾನೂ ಕೇಳುವುದಿಲ್ಲ. ಕುತ್ತಿಗೆ ನೋಡಿ ಪೆಟ್ಟಿಗೆ ಕಟ್ಟುತ್ತೇನೆ, ಅಷ್ಟೆ.

ಆದರೆ ಈ ಸಲ ಕಟ್ಟಲು ಕೈ ಏಳಲಿಲ್ಲ. ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಇವರ ಫೋನು ಮೂರು ಸಲ ಗುಂಯ್‌ಗುಟ್ಟಿತು. ಮೂರು ಸಲವೂ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಗಾಜಿನಾಚೆ ಇವರ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು. ಹೆಂಡತಿಯ ಎದುರು ಇಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಹೊಟ್ಟೆ ಉರಿಯಿತು.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಆ ಸುದ್ದಿ ಬರೆದ ವರದಿಗಾರನೇ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. ನಲವತ್ತೈದರ ಆಸುಪಾಸು, ಕಂಕುಳಲ್ಲಿ ಹೆಲ್ಮೆಟ್. ಓದುವಾಗ ಅಕ್ಷರ ಮಸುಕಾಗುತ್ತಿದೆ ಎಂದ. ನಿಜಕ್ಕೂ ಆಗುತ್ತಿತ್ತು, ಸುಳ್ಳಲ್ಲ. ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ದಪ್ಪ ಫ್ರೇಮನ್ನು ಮೂಗಿನ ಮೇಲಿಟ್ಟು ಒಂದೊಂದೇ ಗಾಜು ಹಾಕುತ್ತಾ ಹೋದೆ.

"ಇದು ಚೆನ್ನಾಗಿದ್ಯಾ, ಇದು ಚೆನ್ನಾಗಿದ್ಯಾ?"

"ಮೊದಲನೇದು. ಅಲ್ಲ ಮೇಡಂ, ಸಾಹೇಬ್ರು ಹಳದಿಯವರ ಕಡೆ ಹೊರಟ್ರಂತೆ?"

"ಕಣ್ಣು ಅಲ್ಲಾಡಿಸಬೇಡಿ. ಈಗ?"

"ಈಗ ಸ್ಪಷ್ಟ. ಅಂಗಡಿ ಪಾಪ ಈಗಷ್ಟೇ ಹಾಕಿದೀರ. ಇಷ್ಟು ಬೇಗ ಮುಚ್ಚಬೇಕಾಯ್ತಲ್ಲ."

ಆ "ಪಾಪ" ನನ್ನ ತಲೆಗೆ ಏರಿತು. ಹದಿನಾಲ್ಕು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ನಾನು ಹಿಂದೆಮುಂದೆ ನೋಡದೆ ನಾಲಿಗೆ ಹರಿಯಬಿಟ್ಟೆ ಎಂದರೆ ಅದು ಪೂರ್ತಿ ನಿಜವಲ್ಲ. ಇವನ ಕೈಗೆ ಕೊಟ್ಟ ಮಾತು ನಾಳೆ ಎಲ್ಲಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಳದಿಯವರು ಓದಲಿ ಎಂದೇ ಹೇಳಿದೆ.

"ನಾವು ಎಲ್ಲೂ ಹೋಗಲ್ಲ. ನಮ್ಮ ಮನೆಯವರು ಆ ಕ್ಲಬ್ಬಿಗೆ ಹೋಗೋ ಮಾತೇ ಇಲ್ಲ. ನಾನು ಈ ಊರು ಬಿಟ್ಟು ಒಂದು ಹೆಜ್ಜೆ ಇಡಲ್ಲ. ಬರ್ಕೊಳ್ಳಿ."

ಆ ದಪ್ಪ ಫ್ರೇಮು ಹಾಕಿಕೊಂಡೇ ಅವನು ಜೇಬಿನಿಂದ ಪುಸ್ತಕ ತೆಗೆದ. ಕನ್ನಡಕ ಶನಿವಾರಕ್ಕೆ ಸಿದ್ಧವಾಗುತ್ತದೆ ಎಂದು ಹೇಳಿ ಕಳಿಸಿದೆ.

ಗುರುವಾರ ಅದು ಕ್ರೀಡಾ ಪುಟದ ನೆತ್ತಿಯ ಮೇಲಿತ್ತು. ಇವರು ನಿಂತುಕೊಂಡೇ ಓದಿದರು. ಪೇಪರನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟರು.

"ಅವನು ಅಂಗಡಿಗೆ ಬಂದಿದ್ನಾ?"

"ಬಂದಿದ್ದ. ಕೇಳಿದ, ಹೇಳಿದೆ. ನಿಮಗೇನಾದ್ರೂ ಹೇಳೋದಿದ್ರೆ ಈಗ ಹೇಳಿ."

ಇವರು ಬಾಯಿ ತೆರೆದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ಮುಚ್ಚಿಕೊಂಡರು. ಆಮೇಲೆ ಫೋನು ಹಿಡಿದು ಬಾಲ್ಕನಿಗೆ ಹೋದರು. ಅವತ್ತು ಗಾಜಿನಾಚೆ ಇವರ ಕೈ ಆಡಲಿಲ್ಲ. ಬೋಳು ಕುತ್ತಿಗೆಯನ್ನು ತಿಕ್ಕುತ್ತಾ ಕೇಳಿಸಿಕೊಳ್ಳುತ್ತಲೇ ಇದ್ದರು. ನನಗೆ ಒಳಗೊಳಗೇ ಖುಷಿಯಾಯಿತು, ಹೆದರಿಕೆಯೂ ಆಯಿತು.

ಶುಕ್ರವಾರ ಮಧ್ಯಾಹ್ನ ನಾನು ಕೆಲಸ ಮಾಡಿದೆ ಎಂದರೆ ನಗಬೇಕು. ಒಬ್ಬ ಅಜ್ಜಿಯ ಬಲಗಣ್ಣಿನ ನಂಬರನ್ನು ಎಡಕ್ಕೆ ಬರೆದು, ಬೀದಿಯ ತುದಿಯವರೆಗೆ ಓಡಿ ಹೋಗಿ ಚೀಟಿ ವಾಪಸ್ ಇಸಿದುಕೊಂಡು ಬಂದೆ. ಫೋನು ಸದ್ದು ಮಾಡಿದಾಗಲೆಲ್ಲ ಇದೇ ಆ ಕರೆ, ಪೆಟ್ಟಿಗೆ ಕಟ್ಟು ಎನ್ನುವ ಕರೆ ಎಂದು ಕೈಯಲ್ಲಿದ್ದ ಫ್ರೇಮು ಕೆಳಗಿಟ್ಟು ಓಡುತ್ತಿದ್ದೆ. ನಾಲ್ಕೂಮುಕ್ಕಾಲು. ನಾಲ್ಕೂ ಐವತ್ತೈದು. ಬೀಗ ರಿಪೇರಿಯವನ ರೇಡಿಯೊ ಐದು ಗಂಟೆ ಹೊಡೆದಾಗ ನಾನು ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕೂತೆ. ಉಳಿದುಕೊಂಡೆವು. ಅಳು ಬಂತು, ಅತ್ತುಬಿಟ್ಟೆ.

ಐದೂವರೆಗೆ ಮನೆ ಸೇರಿದಾಗ ಅತ್ತೆ ಒಂಬತ್ತನೆಯ ಪೆಟ್ಟಿಗೆ ಬಿಚ್ಚಿ, ತೊಡೆಯ ಮೇಲೆ ಗಡಿಯಾರ ಇಟ್ಟುಕೊಂಡು ಕೂತಿದ್ದರು. ಇವರು ಊಟದ ಮೇಜಿನ ಮುಂದಿದ್ದರು.

"ನೋಡಿದ್ರಾ, ಐದು ದಾಟಿತು," ಎಂದೆ. ನನ್ನ ದನಿಯಲ್ಲಿ ಗೆದ್ದವರ ಸೊಕ್ಕಿತ್ತು.

"ದಾಟಿತು. ಐದೂ ಹತ್ತಕ್ಕೆ ಅಧ್ಯಕ್ಷರು ಫೋನ್ ಮಾಡಿದ್ರು. ಸೋಮವಾರದಿಂದ ನಾನು ಬರೋದು ಬೇಡವಂತೆ."

ನನಗೆ ಅರ್ಥವಾಗಲಿಲ್ಲ. ಇವರು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು.

"ಲೀಗ್ ಮುಗಿಯೋ ಮೊದಲೇ ನನ್ನನ್ನ ತೆಗೆಯೋದು ಅಂತ ತೀರ್ಮಾನ ಆಗಿತ್ತು. ಸುಮ್ಮನೆ ತೆಗೆದ್ರೆ ಕ್ಲಬ್ಬು ನನಗೆ ಪರಿಹಾರ ಕೊಡಬೇಕು. ಹಳದಿಯವರು ಕರ್ಕೊಂಡ್ರೆ ನಮ್ಮ ಕ್ಲಬ್ಬಿಗೇ ದುಡ್ಡು ಬರುತ್ತೆ. ಅದಕ್ಕೇ ಐದು ಗಂಟೆವರೆಗೂ ಕಾದ್ರು. ಆ ಸುದ್ದಿ ಪೇಪರಿಗೆ ಕೊಟ್ಟಿದ್ದೂ ಅಧ್ಯಕ್ಷರೇ. ನನ್ನನ್ನ ತೆಗೀತಾರೆ ಅಂತ ನಮ್ಮ ಗೋಲ್‌ಕೀಪರ್ ಕೋಚು ಮೊದಲೇ ಹೇಳಿದ್ದ."

"ಹಳದಿಯವರು?"

"ನಿನ್ನೆ ಪೇಪರ್ ನೋಡಿ ಕೈ ಎತ್ತಿದ್ರು. ಮನೇಲೇ ಒಪ್ಪಿಗೆ ಇಲ್ಲದವರನ್ನ ಕರ್ಕೊಂಡು ಏನ್ಮಾಡೋದು ಅಂದ್ರು. ಸಂಜೆ ಇನ್ನೊಬ್ಬರ ಹತ್ರ ಸಹಿ ಹಾಕಿಸ್ಕೊಂಡ್ರು."

ಮೇಜಿನ ಮೇಲಿದ್ದ ಕಾಗದಗಳನ್ನು ನನ್ನತ್ತ ತಳ್ಳಿದರು. ಹಳದಿಯವರ ಕರಡು ಕರಾರು. ಆರನೆಯ ಪುಟದಲ್ಲಿ ವಾಸದ ಷರತ್ತು ಇತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ ಉದ್ದಕ್ಕೆ ಗೀಟು ಎಳೆದು ಎರಡೂ ಕಡೆಯವರು ಬದಿಗೆ ಸಣ್ಣ ಸಹಿ ಹಾಕಿದ್ದರು. ಅಂಚಿನಲ್ಲಿ ಇವರದೇ ಅಕ್ಷರ: ಮ್ಯಾನೇಜರ್ ವಾರಕ್ಕೆ ಐದು ದಿನ ಕ್ಲಬ್ಬಿನ ಅತಿಥಿಗೃಹದಲ್ಲಿ ಇರತಕ್ಕದ್ದು, ಕುಟುಂಬ ಈಗಿರುವ ಊರಿನಲ್ಲೇ ಮುಂದುವರಿಯಬಹುದು. ತಾರೀಖು ಬುಧವಾರದ್ದು.

"ಅದೊಂದು ಸಾಲು ಹೊಡೆದುಹಾಕಿಸೋಕೆ ಎರಡು ವಾರ ಹಿಡೀತು. ಇವತ್ತು ಪೂರ್ತಿ ಸಹಿ ಹಾಕಿ ನಿನ್ನ ಮುಂದೆ ಇಡೋಣ ಅಂತಿದ್ದೆ," ಎಂದರು.

"ಹೇಳೋಕೇನಾಗಿತ್ರೀ ನಿಮಗೆ! ಒಂದು ಮಾತು!" ಎಂದು ಕಿರುಚಿದೆ.

"ಹೇಳಿದ್ರೆ ಕೆಟ್ಟುಹೋಗುತ್ತೆ ಅಂತ."

ಇವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅಸಹ್ಯ ಬಂತು. ಐವತ್ತಕ್ಕೆ ಎರಡು ಕಮ್ಮಿ ಇರುವ, ಕ್ಲಬ್ಬು ಕೈಬಿಟ್ಟ ಮ್ಯಾನೇಜರನ್ನು ಮತ್ತೆ ಯಾರು ಕರೆಯುತ್ತಾರೆ? ಅತ್ತೆ ಸದ್ದಿಲ್ಲದೆ ಎದ್ದು ಸುತ್ತಿಗೆ ತಂದರು. "ಹೇಗೂ ಇಲ್ಲೇ ಇರ್ತೀವಲ್ಲ," ಎಂದು ತಾವೇ ಮೊಳೆ ಹೊಡೆದರು.

ಶನಿವಾರ ಬೆಳಿಗ್ಗೆ ನಾನು ಅಂಗಡಿಗೆ ಹೊರಟಾಗ ಇವರೂ ಚಪ್ಪಲಿ ಮೆಟ್ಟಿಕೊಂಡರು. ಬಂದು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತು ನೆಲ ನೋಡತೊಡಗಿದರು. ಹತ್ತು ಗಂಟೆಗೆ ಸರಿಯಾಗಿ ವರದಿಗಾರ ಬಂದ.

ನಾನು ಕನ್ನಡಕ ತೆಗೆದು, ಒರೆಸಿ, ಅವನ ಕಿವಿಗಳ ಹಿಂದೆ ಕಡ್ಡಿ ಸರಿಮಾಡಿದೆ. ಅವನು ಹೊಸ ಕನ್ನಡಕದ ಮೇಲಿಂದ ಸುತ್ತ ನೋಡುತ್ತಾ ಬೆಂಚಿನ ಹತ್ತಿರ ತಡೆದು ನಿಂತ.

"ಸಾರ್! ನೀವಿಲ್ಲೇ ಇದೀರ. ತೆಗೆದುಹಾಕಿದ್ರಂತೆ, ಏನಾದ್ರೂ ಹೇಳ್ತೀರಾ?"

ಇವರು ತಲೆ ಎತ್ತಲಿಲ್ಲ. "ನಮ್ಮ ಮನೆ ಪರವಾಗಿ ಮಾತಾಡೋದು ಅವರು," ಎಂದರು.

ಕಪಾಳಕ್ಕೆ ಬಿಗಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ವರದಿಗಾರ ನನ್ನ ಕಡೆ ತಿರುಗಿದ. ಅವನ ಪುಸ್ತಕ ಆಗಲೇ ಹೊರಗೆ ಬಂದಿತ್ತು. ನನಗೆ ಗೊತ್ತಿದ್ದ ಸತ್ಯವನ್ನೆಲ್ಲ ಹೇಳಿದರೆ ಇವರನ್ನು ನೋಡಿ ಊರು ಮರುಗುತ್ತದೆ, ಅಷ್ಟೆ. ಮರುಕಪಟ್ಟು ಯಾವ ಕ್ಲಬ್ಬೂ ಮ್ಯಾನೇಜರನ್ನು ಇಟ್ಟುಕೊಳ್ಳುವುದಿಲ್ಲ. ಒಂದು ಕ್ಲಬ್ಬು ಕೇಳುತ್ತಿದೆಯೆಂದರೆ ಇನ್ನೊಂದೂ ಕೇಳುತ್ತದೆ. ಹದಿನಾಲ್ಕು ವರ್ಷ ಈ ಜನರ ಜೊತೆ ಬಾಳಿ ನಾನು ಕಲಿತ ವಿದ್ಯೆ ಇದೊಂದೇ.

"ನಿನ್ನೆ ಸಂಜೆಯಿಂದ ಎರಡು ಕ್ಲಬ್ಬಿನವರು ಫೋನ್ ಮಾಡಿದ್ದಾರೆ," ಎಂದೆ. "ಹೆಸರು ಹೇಳೋ ಹಾಗಿಲ್ಲ. ಈಗ ಯಾರಿಗೂ ಬಿಡುಗಡೆ ದುಡ್ಡು ಕಟ್ಟಬೇಕಾಗಿಲ್ಲ ನೋಡಿ, ಅದಕ್ಕೇ ನಾಮುಂದು ತಾಮುಂದು ಅಂತಿದ್ದಾರೆ. ಮೊನ್ನೆ ನಾನು ಹೇಳಿದ್ದು ತಪ್ಪು. ಅವರು ಎಲ್ಲಿಗೆ ಬೇಕಾದ್ರೂ ಹೋಗ್ತಾರೆ. ನಂದೇನೂ ಅಡ್ಡಿ ಇಲ್ಲ. ಅಂಗಡಿ ಮುಚ್ಚಿ ಬರಬೇಕು ಅಂದ್ರೆ ಅದಕ್ಕೂ ಸೈ."

ಬೆಂಚಿನ ಕಡೆಯಿಂದ ಚಪ್ಪಲಿ ಸರಿದ ಸದ್ದು ಕೇಳಿಸಿತು. ನಾನು ಆ ಕಡೆ ನೋಡಲಿಲ್ಲ.

ವರದಿಗಾರ ನನ್ನ ಮುಖವನ್ನೇ ದಿಟ್ಟಿಸಿದ. "ಇದು ನಿಜಾನಾ ಮೇಡಂ?"

"ಅಕ್ಷರ ಸ್ಪಷ್ಟವಾಗಿ ಕಾಣ್ತಿದ್ಯಾ?"

"ಕಾಣ್ತಿದೆ."

"ಹಾಗಾದ್ರೆ ಬರ್ಕೊಳ್ಳಿ."

ಅವನು ಬರೆದುಕೊಳ್ಳತೊಡಗಿದ. ಇವರು ಎದ್ದು ಬಂದು ಕೌಂಟರಿನ ಈಚೆ, ನನ್ನ ಪಕ್ಕದಲ್ಲಿ ನಿಂತರು.

"ಎರಡಲ್ಲ, ಮೂರು," ಎಂದು ಅವನಿಗೆ ಹೇಳಿದರು.